ಕೊಬ್ಬರಿ ಅಟ್ಟಕ್ಕೆ ನೇತಾಡಿದ್ದು

ಇವತ್ತು ಬೆಳಿಗ್ಗೆ ಅಟ್ಟದ ಕೆಳಗೆ ಅಪ್ಪಚ್ಚಿಯಾಗದೆ ಉಳಿದಿದ್ದೇನೆ ಗೆಳೆಯರೇ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಬಂಡೆ ಹತ್ತುವ ತಂಡದ ಆಯ್ಕೆ ಬರುವ ಭಾನುವಾರ. ನನ್ನ ಬೆರಳುಗಳಲ್ಲಿ ಬಲ ಸಾಲದು. ಹಾಗಾಗಿ ಹಲಸಿನ ಹಲಗೆಗೆ ಬೆರಳ ತುದಿ ಹಿಡಿಯುವಷ್ಟು ಕಚ್ಚು ಕೊರೆದು, ನೇತಾಡಲೆಂದು ಅದನ್ನು ನಡುಮನೆಯ ಅಟ್ಟದ ತೊಲೆಗೆ ಬೋಲ್ಟ್ ಹಾಕಿ ಬಿಗಿದಿದ್ದೆ. ಹಿರೇನಲ್ಲೂರಿನ ನಮ್ಮ ಮನೆಯಲ್ಲಿ ನನ್ನ ಭಾರ ತಡೆಯುವ ಮರ ಅದೊಂದೇ. ಆದರೆ ಅಟ್ಟದ ತುಂಬ ಕೊಬ್ಬರಿಗೆಂದು ಒಣಗಲು ಬಿಟ್ಟ ತೆಂಗಿನಕಾಯಿ.

ಇವತ್ತು ನೇತಾಡಿದ ಕೂಡಲೇ ತೊಲೆ ಕಿರ್ರೆಂದಿತು. ಮೇಲೆ ಕಾಯಿಗಳು ಉರುಳಿದವು. ಸದ್ದಿಗೆ ಅತ್ತೆ ಅಡುಗೆಮನೆಯಿಂದ ಓಡಿ ಬಂದರು. ಬೈಯುತ್ತಾರೆಂದು ಇಳಿಯಲು ಹೋದೆ.

“ಇಳೀಬೇಡ ಕಣೇ, ಹಂಗೇ ಇರು,” ಎಂದು ಮೇಲಕ್ಕೆ ಕಿವಿಗೊಟ್ಟರು. “ಇನ್ನೊಂಚೂರು ಅಲ್ಲಾಡು. ಲೊಡಲೊಡ ಅಂತೈತೆ. ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟೈತೆ.”

“ಅತ್ತೆ, ತೊಲೆ ಕಿರ್ ಅಂತಿದೆ. ಅಟ್ಟ ಬಿದ್ರೆ?”

“ಬಿದ್ರೆ ಕಾಯಿ ಇಳ್ಸೋ ಕೆಲ್ಸ ತಪ್ತದೆ ಬಿಡು.”

ಅವರು ಹೇಳಿದಂತೆ ಅಲ್ಲಾಡಿದೆ. ಸಂಜೆ ಹೊತ್ತಿಗೆ ಸುದ್ದಿ ಬೀದಿಗೆಲ್ಲ ಹಬ್ಬಿತ್ತು. ಪಕ್ಕದ ಮನೆಯ ಅಜ್ಜಿ ಬಂದು, “ನಮ್ಮಟ್ಟಕ್ಕೂ ಒಂದ್ಸಲ ನೇತಾಡಿ ಹೋಗವ್ವ. ಕಾಯಿ ಒಣಗೈತಾ ನೋಡೋಕೆ ಏಣಿ ಹತ್ಬೇಕು, ನಂಗೆ ಮಂಡಿ ಬಗ್ಗಲ್ಲ,” ಎಂದರು. ಆಗಲಿ ಎಂದುಬಿಟ್ಟೆ. ನಾಳೆ ಬೆಳಿಗ್ಗೆ ಹೋಗಬೇಕು.

ಅವರ ತೊಲೆಗೆ ಗೆದ್ದಲು ಹತ್ತಿರುವುದು ಬೀದಿಗೇ ಗೊತ್ತು. ಭಾನುವಾರದ ಬಂಡೆಗೆ ಗೆದ್ದಲಂತೂ ಹತ್ತಿರುವುದಿಲ್ಲ.