ಕೈಗಳಿದ್ದ ಸೂರ್ಯ

ನನ್ನ ಮೊಮ್ಮಗಳು ಸಿಂಧು ಇವತ್ತು ಕಾರವಾರದ ಭಾಷಣ ಸ್ಪರ್ಧೆಯಲ್ಲಿ ಮೊದಲನೆಯವಳಾಗಿ ಬಂದಳು! ನಾಲ್ಕು ಜನ ಕೂತಲ್ಲಿ ತನ್ನ ಹೆಸರು ಹೇಳಲಿಕ್ಕೂ ತಡವರಿಸುವ ಹುಡುಗಿ, ತುಂಬಿದ ಸಭೆಯಲ್ಲಿ ಮಾತಾಡಿ ಗೆದ್ದಳು. ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು. ತಪ್ಪಿದ್ದರೆ ಓದುವವರು ಸುಧಾರಿಸಿಕೊಳ್ಳಿ.

ಆದರೆ ಬರೆಯಲಿಕ್ಕೆ ಕೂತದ್ದು ಬಹುಮಾನದ ಸುದ್ದಿಗೆ ಮಾತ್ರ ಅಲ್ಲ. ಯಾರಿಗಾದರೂ ಏನಾದರೂ ವಿಚಿತ್ರ ಕಂಡಿತು ಅಂದರೆ ನಾನು ನಗುವವಳು. "ಪಿತ್ತ ಏರಿದೆ, ಮಜ್ಜಿಗೆ ಕುಡಿ" ಅನ್ನುವವಳು. ನನಗೇ ಒಮ್ಮೆ ಆದದ್ದನ್ನೂ ಪಿತ್ತ ಅಂತಲೇ ಬಿಟ್ಟುಬಿಟ್ಟಿದ್ದೆ. ಈಗ ಹಾಗೆ ಬಿಡಲಿಕ್ಕೆ ಆಗುತ್ತಿಲ್ಲ.

ಆಗ ನನ್ನ ಕೂದಲು ಇನ್ನೂ ಕಪ್ಪಿತ್ತು. ಮಂಜಗುಣಿಯ ತವರಲ್ಲಿ ಅಣ್ಣನ ಮಗಳು ಸುಮಿತ್ರೆಯ ಮದುವೆ. ನಮ್ಮಲ್ಲಿ ಮದುವೆಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನಲ್ಲಿ ಹಲಿ ಅನ್ನುವ ಮದುವೆಚಿತ್ರ ಬರೆಯಬೇಕು. ನಡುವೆ ದಂಡಿಗೆಯಲ್ಲಿ ಮದುಮಕ್ಕಳು, ಮೇಲೆ ಒಂದು ಮೂಲೆಗೆ ಸೂರ್ಯ, ಇನ್ನೊಂದಕ್ಕೆ ಚಂದ್ರ. ಆ ಚಿತ್ರ ಬರೆಯುವ ಕೆಲಸ ಯಾವಾಗಲೂ ನನ್ನದೇ. ಸೂರ್ಯ ಅಂದರೆ ಒಂದು ಬಳೆ, ಸುತ್ತ ಗಿಡ್ಡ ಗಿಡ್ಡ ಗೀಟು. ಅದರಲ್ಲಿ ತಪ್ಪಲಿಕ್ಕೆ ಏನಿದೆ?

ಅವತ್ತು ಮಧ್ಯಾಹ್ನ ಬಳೆ ಬರೆದೆ, ಗೀಟು ಎಳೆದೆ. ಗೀಟು ನಿಲ್ಲಲಿಲ್ಲ. ಉದ್ದಕ್ಕೆ ಮದುಮಕ್ಕಳ ತಲೆಯ ತನಕ ಇಳಿಯಿತು. ಒಂದೊಂದು ಗೀಟಿನ ತುದಿಗೂ ಒಂದೊಂದು ಪುಟ್ಟ ಅಂಗೈ ಬಂತು. ನಾನು ಬರೆಯುತ್ತಿದ್ದೇನೆ ಅಂತ ಗೊತ್ತಿತ್ತು, ಏನು ಬರೆಯುತ್ತಿದ್ದೇನೆ ಅಂತ ಗೊತ್ತಿರಲಿಲ್ಲ. ಒಂದು ಕೈಯಂತೂ ಮದುಮಗಳ ಮೂಗಿನ ಹತ್ತಿರ ಏನನ್ನೋ ಹಿಡಿದಿತ್ತು. ಮೇಲೆ ಕುಣಿಕೆ, ಕೆಳಗೆ ಅಡ್ಡ ಕಡ್ಡಿ, ಅದರ ಕೆಳಗೆ ಹಿಡಿಕೆ.

ಹಿಂದೆ ನಿಂತಿದ್ದ ಸೋದರತ್ತೆ ಕೂಗಿದಳು, "ಎಂತದೇ ಮಾರಾಯ್ತಿ ಇದು? ಸೂರ್ಯಂಗೆ ಕೈ ಬಂತೇನೆ? ಪಂಕ್ತಿಗೆ ಬಡಸೂಕೆ ಕರೆದ್ಯಾ?"

"ಕೈಯಾಗೆ ಸೌಟೂ ಉಂಟು ನೋಡಿ," ಅಂದಳು ಮದುಮಗಳು ಸುಮಿತ್ರೆ, "ನನ್ನ ಮೂಗಿಗೇ ಗಂಜಿ ಹೊಯ್ಯೂಕೆ ಬಂದದೆ!"

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಾಚಿಕೆಯಾಗಿ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆದೆ. ಮತ್ತೆ ಕೈಗಳೇ ಬಂದವು, ಸೌಟೂ ಬಂತು. ಆಗ ಅತ್ತೆ ನಗಲಿಲ್ಲ. ನನ್ನ ಕೈಯಿಂದ ಬರೆಯುವ ಕಡ್ಡಿ ಕಸಿದುಕೊಂಡು, ಕೆಮ್ಮಣ್ಣು ಬಳಿದು, ಸೂರ್ಯನನ್ನು ತಾನೇ ಬರೆದಳು. ಬಿಸಿಲಿಗೆ ಪಿತ್ತ ಅಂದರು. ನಾನೂ ಹೌದು ಅಂದೆ.

ಈಗ ನಾನಿರುವುದು ಮಲ್ಲಾಪುರದಲ್ಲಿ, ಮಗನ ಕ್ವಾರ್ಟರ್ಸಿನಲ್ಲಿ. ಸಿಂಧು ಅವನ ಒಬ್ಬಳೇ ಮಗಳು. ಭಾಷಣಕ್ಕೆ ಅವಳು ಆರಿಸಿಕೊಂಡದ್ದು ಈಜಿಪ್ಟಿನ ಹಳೇ ರಾಜ ಅಖೆನಾತೆನ್ನನ ಕತೆ. ನಾನು ಬಂಗಡೆ ತೊಳೆಯುವಾಗ ಪಕ್ಕದಲ್ಲಿ ಕೂತು ಹೇಳುತ್ತಿದ್ದಳು. ನನ್ನೆದುರು ಅವಳಿಗೆ ತಡವರಿಕೆ ಇಲ್ಲ. ಆ ರಾಜ ಹಳೇ ದೇವರ ಗುಡಿಗಳನ್ನು ಮುಚ್ಚಿಸಿ, ಆಕಾಶದ ಸೂರ್ಯಬಿಂಬ ಒಂದೇ ದೇವರು ಅಂದನಂತೆ. ಬಿಸಿಲು ನೇರ ಬೀಳಲಿ ಅಂತ ಚಾವಣಿಯಿಲ್ಲದ ಗುಡಿ ಕಟ್ಟಿಸಿದನಂತೆ.

"ಊರ ದೇವರ ಬಾಗಿಲು ಹಾಕಿಸಿದ್ರೆ ಜನ ಸುಮ್ಮನೆ ಬಿಟ್ರನೇ?"

"ಎಲ್ಲಿ ಬಿಟ್ರು ಅಜ್ಜಿ! ಅವ ಸತ್ತ ಮೇಲೆ ಹಳೇ ದೇವರೆಲ್ಲ ವಾಪಸ್. ಅವನ ಹೆಸರು ಕೆತ್ತಿ ತೆಗೆದ್ರು. ಗುಡಿ ಕೆಡವಿ, ಆ ಕಲ್ಲನ್ನೇ ಬೇರೆ ಗೋಡೆಗಳ ಹೊಟ್ಟೆಗೆ ತುಂಬಿದ್ರು."

"ಒಳ್ಳೇದೇ ಆಯ್ತು ಬಿಡು."

"ಹೌದು, ಒಳ್ಳೇದೇ ಆಯ್ತು! ಗೋಡೆಯೊಳಗೆ ಅಡಗಿದ್ದಕ್ಕೇ ಆ ಕಲ್ಲಿನ ಚಿತ್ರಗಳು ಉಳಿದವು."

ಆ ಚಿತ್ರ ಹೇಗಿದೆ ಅಂತ ನಾನು ಕೇಳಲಿಲ್ಲ. ಅವಳೂ ತೋರಿಸಿರಲಿಲ್ಲ.

ಇವತ್ತು ಸಭೆಯಲ್ಲಿ ಸಿಂಧು ಶುರುವನ್ನೇನೋ ಚೆನ್ನಾಗಿ ಮಾಡಿದಳು. ಹಿಂದಿನ ಪರದೆಯ ಮೇಲೆ ಚಿತ್ರ ಬಂದದ್ದೇ ತಡ, "ಸೂ... ಸೂ..." ಅಂತ ಸಿಕ್ಕಿಕೊಂಡಳು. ಸೂರ್ಯ ಅನ್ನುವ ಮಾತು ಹೊರಡಲೇ ಇಲ್ಲ. ಯಾರೋ ಸೀಟಿ ಹೊಡೆದರು. ಮಗ ತಲೆ ತಗ್ಗಿಸಿದ. ಈಗ ಅಳುತ್ತಾ ಕೆಳಗಿಳಿದರೆ ಈ ಹುಡುಗಿ ಜನ್ಮದಲ್ಲಿ ಇನ್ನೊಮ್ಮೆ ಮೈಕು ಮುಟ್ಟುವುದಿಲ್ಲ. ಅವಳ ಮೋರೆ ನೋಡಲಾರದೆ ಪರದೆ ನೋಡಿದೆ.

ಬಳೆಯಂಥ ಸೂರ್ಯ. ಉದ್ದುದ್ದ ಗೀಟು. ತುದಿಗಳಲ್ಲಿ ಅಂಗೈ. ಕೆಳಗೆ ರಾಜ, ರಾಣಿ. ರಾಣಿಯ ಮೂಗಿನ ಹತ್ತಿರ ಸೌಟು!

ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ. "ಸಿಂಧೂ, ಇದು ನಾ ಬರೆದದ್ದೇ! ಮಂಜಗುಣಿ ಗೋಡೆ ಮೇಲೆ! ಈ ಸೌಟು ಸಮೇತ!"

ಸಭೆ ಘೊಳ್ಳೆಂದಿತು. ಮಗ ಸೆರಗು ಜಗ್ಗಿದ, "ಅವ್ವೀ, ಕೂತ್ಕೊ, ಮರ್ಯಾದೆ ತೆಗೀಬೇಡ." ಆದರೆ ಸಿಂಧುವೂ ನಕ್ಕಳು. ನಕ್ಕು, "ಅದು ಸೌಟಲ್ಲ ಅಜ್ಜಿ, ಜೀವದ ಗುರುತು. ಸೂರ್ಯ ರಾಣಿಗೆ ಉಸಿರು ಕೊಡ್ತಿದ್ದಾನೆ," ಅಂದಳು. ಮೈಕಿನಲ್ಲೇ ಅಂದಳು! ಸೂರ್ಯ ಅಂತಲೂ ಅಂದಳು! ಆಮೇಲೆ ನನ್ನ ಮುಖ ನೋಡಿಕೊಂಡು ನನಗೇ ಹೇಳುತ್ತಾ ಹೋದಳು. ಸಭೆ ನಗುವುದು ನಿಲ್ಲಿಸಿ ಕೇಳುತ್ತಾ ಹೋಯಿತು.

ವಾಪಸು ಬರುವಾಗ ಬಸ್ಸಿನಲ್ಲೇ ಮಗ ಸುಮಿತ್ರೆಗೆ ಫೋನು ಹಚ್ಚಿದ. ನನ್ನ ಮಾತು ಅವನಿಗೆ ನಂಬಿಕೆ ಇರಲಿಲ್ಲ. "ಹೌದೋ, ನನ್ನ ಮೂಗಿಗೆ ಸೌಟು!" ಅಂತ ಅವಳು ನಕ್ಕದ್ದು ನನಗೂ ಕೇಳಿತು. "ಗಂಡನ ಮನೆಯವರು ವರ್ಷಗಟ್ಟಲೆ ಅದನ್ನೇ ಹೇಳಿ ನಗಾಡಿ ಚಾಳಿಸಿದ್ದಾರೆ." ಮಗ ಫೋನು ಕಿಸೆಗೆ ಹಾಕಿ, ಮಲ್ಲಾಪುರ ಬರುವ ತನಕ ಕಾಳಿ ನದಿ ನೋಡುತ್ತಾ ಕೂತ.

ಆ ಮದುವೆಯ ಕಾಲಕ್ಕೆ ನಮ್ಮನೆಯಲ್ಲಿ ಟಿವಿ ಇರಲಿಲ್ಲ. ಅಂಥ ಪುಸ್ತಕ ನಾನು ಮುಟ್ಟಿದವಳಲ್ಲ. ಸೂರ್ಯ ಕೊಡುವವನು ಅಂದ ಮೇಲೆ ಯಾವ ದೇಶದವರಿಗೂ ಕೈ ಬರೆಯಬೇಕು ಅನ್ನಿಸಬಹುದು ಅನ್ನುತ್ತಾಳೆ ಸಿಂಧು. ಇರಬಹುದು. ಆದರೆ ಆ ಕುಣಿಕೆ? ಎರಡನೇ ಸಲವೂ ಅದೇ ಹೇಗೆ ಬಂತು? ಕಂಡ ಕಂಡ ದೇವರಿಗೆಲ್ಲ ದೀಪ ಇಡುವವಳು ನಾನು, ಒಂದೇ ದೇವರು ಅಂದ ಆ ರಾಜನ ಸೂರ್ಯನಿಗೆ ನನ್ನ ಕೈಯೇ ಯಾಕೆ ಬೇಕಾಯಿತು? ನನಗೆ ತಿಳಿಯದು. ತಿಳಿದವರಿದ್ದರೆ ಹೇಳಿ.

ಸಂಜೆ ಎಲ್ಲರೂ ಒಟ್ಟಿಗೇ ಊಟಕ್ಕೆ ಕೂತೆವು. ಸಿಂಧು ಒಂದು ತುತ್ತು ಕಲಸುತ್ತಾಳೆ, ಹತ್ತು ಮಾತು ಹೇಳುತ್ತಾಳೆ. ನಾಳೆ ಆ ಶಾಲೆಯಲ್ಲಿ ಭಾಷಣವಂತೆ, ಮುಂದಿನ ತಿಂಗಳು ಈ ಸಭೆಯಲ್ಲಂತೆ.

"ಉಂಡು ಮಾತಾಡೇ, ಕೈ ಒಣಗ್ತು," ಅಂದಳು ಸೊಸೆ.

ಮಗ ಸಿಂಧುವಿನ ಬಟ್ಟಲಿಗೆ ಇನ್ನೊಂದು ಹೋಳು ಮೀನು ಹಾಕಿದ. "ಮಾತಾಡ್ಲಿ ಬಿಡೇ. ಅನ್ನ ಎಲ್ಲಿಗೆ ಹೋತದೆ?"