ತರಬೇತಿಗೆ ಬರುತ್ತಿದ್ದ ಅಕ್ಕ

ಹೋದ ವಾರ ಅಬಿಡ್ಸ್‌ನಲ್ಲಿ ಹಳೆ ಪುಸ್ತಕ ನೋಡಿಕೊಂಡು ಬರುವಾಗ, ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿಯೊಂದರ ಮುಂದೆ ಎಣ್ಣೆಯ ವಾಸನೆ ಮೂಗಿಗೆ ಬಂತು. ತೆಳು ಎಣ್ಣೆ, ಕಬ್ಬಿಣ, ಹೊಸ ಬಟ್ಟೆಯ ಗಂಜಿ… ನನ್ನ ಬಸ್ಸು ಬಂದು ನಿಂತು ಹೊರಟಿತು. ನಾನು ಹತ್ತಲಿಲ್ಲ.

ಮಲ್ಕಾಜ್‌ಗಿರಿಯ ಆ ಅಕ್ಕನ ಸೆರಗಿಗೆ ಸದಾ ಇದೇ ವಾಸನೆ. ಸೇಡಂ ಕಡೆಯವರು. ಗಂಡನಿಗೆ ರೈಲ್ವೆಯಲ್ಲಿ ಗುತ್ತಿಗೆ ಕೆಲಸ, ಇವರು ಮನೆಯಲ್ಲೇ ಬ್ಲೌಸು, ಶಾಲೆಯ ಮಕ್ಕಳ ಯೂನಿಫಾರ್ಮು ಹೊಲಿಯುತ್ತಿದ್ದರು. ಒಂದು ಮಳೆಗಾಲದ ಸಂಜೆ ಮಳೆನೀರು ಹರಿಯುವ ದೊಡ್ಡ ಮೋರಿ, ನಾಲಾ, ಉಕ್ಕಿ ಅವರ ಗಲ್ಲಿಗೆ ನೀರು ನುಗ್ಗಿತು. ಎದೆಮಟ್ಟದ ನೀರಿನಲ್ಲಿ ಮಗಳ ಕೈ ಹಿಡಿದು ದಾಟುತ್ತಿದ್ದರು. ಕೈ ಜಾರಿತು. ಹುಡುಗಿಗೆ ಎಂಟು ವರ್ಷ. ಸಿಕ್ಕಿದ್ದು ಎರಡು ದಿನದ ಮೇಲೆ.

ನೆರೆಗೆ ಸಿಕ್ಕವರ ಮನೆಗಳಿಗೆ ಹೋಗಿ ಮಾತನಾಡಿಸುವುದು ಆಗ ನನ್ನ ಕೆಲಸ. ನಾನು ಆಪ್ತಸಮಾಲೋಚಕಿ. ಬೇರೆಯವರು ತೆಲುಗಿನಲ್ಲಿ, ಹಿಂದಿಯಲ್ಲಿ ಕೇಳಿದಾಗ ಬಾಯಿ ಬಿಡದಿದ್ದ ಅಕ್ಕ, ನಾನು ಕನ್ನಡದಲ್ಲಿ ಮಾತಾಡಿಸಿದ ಕೂಡಲೇ ತಲೆಯೆತ್ತಿ ನೋಡಿದರು. “ನಮ್ಮ ಕಡೀವ್ರೇನ್ರಿ?” ಎಂದರು. ಮೂರನೇ ಸಲ ಹೋದಾಗ ಎಲ್ಲವನ್ನೂ ಹೇಳಿದರು.

ಅದೇ ವರ್ಷ ನಾರಾಯಣಗೂಡದ ಒಂದು ಹಾಲ್‌ನಲ್ಲಿ ಆಪ್ತಸಮಾಲೋಚಕರಿಗೆ, ಆಸ್ಪತ್ರೆಗಳ ಮನೋವೈದ್ಯರಿಗೆ ತರಬೇತಿ ಶುರುವಾಯಿತು. ನೆರೆ, ಬಿರುಗಾಳಿಯಲ್ಲಿ ಬದುಕುಳಿದವರ ಜೊತೆ ಹೇಗೆ ಕೂರಬೇಕು, ಏನು ಕೇಳಬೇಕು, ಏನು ಕೇಳಬಾರದು ಎಂದು ಕಲಿಸುವ ಎರಡು ದಿನಗಳ ತರಗತಿ. ಹೊಣೆ ನನ್ನದು. ಬರೀ ಪಾಠ ಕೇಳಿದರೆ ಇವರಿಗೆ ತಿಳಿಯುವುದಿಲ್ಲ, ಅನುಭವಿಸಿದವರೇ ಬಂದು ಹೇಳಬೇಕು ಅನ್ನಿಸಿತು. ಅಕ್ಕನನ್ನು ಕೇಳಿದೆ.

“ನೀವ್ ಕರದ್ರ ಬರ್ತೀನ್ರಿ ಮೇಡಂ,” ಎಂದರು.

ಅವರು ಕನ್ನಡದಲ್ಲಿ ಹೇಳುತ್ತಿದ್ದರು, ನಾನು ಪಕ್ಕದಲ್ಲಿ ನಿಂತು ತೆಲುಗಿಗೆ ತಿರುಗಿಸುತ್ತಿದ್ದೆ. ಮೊದಲ ಸಲ ಅರ್ಧಕ್ಕೇ ಅಳುತ್ತ ಕುಳಿತುಬಿಟ್ಟರು. ಕಲಿಯಲು ಬಂದವರೂ ಅತ್ತರು. ಎರಡನೇ ಬ್ಯಾಚಿನಲ್ಲಿ ಪೂರ್ತಿ ಹೇಳಿದರು. ನಾಲ್ಕನೆಯದರ ಹೊತ್ತಿಗೆ ನನಗೆ ಅನುಕೂಲವಾಗಲೆಂದು ಪ್ರತಿ ವಾಕ್ಯಕ್ಕೂ ನಿಲ್ಲಿಸಿ ಕಾಯುತ್ತಿದ್ದರು. ಆಮೇಲಾಮೇಲೆ ನಾನು ಅವರ ಮಾತಿಗೆ ಕಿವಿಗೊಡುವುದನ್ನೇ ಬಿಟ್ಟೆ. ಮುಂದಿನ ವಾಕ್ಯ ನನಗೆ ಬಾಯಿಪಾಠವಾಗಿತ್ತು. ಊಟದ ಹೊತ್ತು ಮೀರುತ್ತಿದೆಯೇ ಎಂದು ಗಡಿಯಾರ ನೋಡುತ್ತಿದ್ದೆ.

ಆರನೇ ಬ್ಯಾಚಿನಲ್ಲಿ ವರಂಗಲ್‌ನಿಂದ ಬಂದಿದ್ದ ಒಬ್ಬ ಹೆಣ್ಣುಮಗಳು, “ಮಗಳು ನೋಡೋಕೆ ನಿಮ್ಮ ಹಾಗೇ ಇದ್ದಳಾ?” ಎಂದು ತೆಲುಗಿನಲ್ಲಿ ಕೇಳಿದಳು. ನಾನು ಕನ್ನಡದಲ್ಲಿ ಹೇಳಿದೆ. ಅಕ್ಕ ಮೈಕು ಹಿಡಿದುಕೊಂಡೇ ನಿಂತರು… ಕೊನೆಗೆ ನಾನೇ ಮೈಕು ಇಸಿದುಕೊಂಡು ಚಹಾಕ್ಕೆ ಬಿಟ್ಟೆ.

ಸಂಜೆ ಇಬ್ಬರೂ ಒಂದೇ ಆಟೋದಲ್ಲಿ ವಾಪಸಾದೆವು. ಮೆಟ್ಟುಗೂಡ ದಾಟಿದ ಮೇಲೆ ಅಕ್ಕ ಮಾತಾಡಿದರು.

“ಮೇಡಂ, ಆಕಿ ಮಾರಿ ನೆನಪಿಗಿ ಬರವಲ್ದು. ನಾ ಹೇಳೋ ಮಾತಷ್ಟ ನೆನಪಾಗ್ತಾವ.”

ಆದದ್ದನ್ನು ಮತ್ತೆ ಮತ್ತೆ ಹೇಳಿಸಬಾರದು ಎಂದು ಬೆಳಿಗ್ಗೆಯಷ್ಟೇ ನಾನು ಮೂವತ್ತು ಜನರಿಗೆ ಪಾಠ ಮಾಡಿ ಬಂದಿದ್ದೆ. ಆಟೋದಲ್ಲಿ ನನಗೆ ಅಳು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಕಾಲು ಜೋಮು ಹಿಡಿದಾಗ ಆಗುವಂಥದ್ದೇನೋ ಮೈಯೆಲ್ಲ ಹಬ್ಬಿತ್ತು. ಅವರನ್ನು ಇನ್ನು ಕರೆಯಬಾರದೆಂದು ಅಲ್ಲೇ ತೀರ್ಮಾನಿಸಿದೆ. ಅವರಿಗೆ ಹೇಳಲಿಲ್ಲ.

ತಿಂಗಳಾದ ಮೇಲೆ ಅವರೇ ಫೋನ್ ಮಾಡಿದರು.

“ಮತ್ತ ಯಾವಾಗೈತ್ರಿ ಕ್ಲಾಸು?”

“ಸದ್ಯಕ್ಕ ಯಾವ್ದೂ ಇಲ್ಲ ಅಕ್ಕ.”

ಅತ್ತ ಯಂತ್ರ ತುಳಿಯುವ ಸದ್ದು ನಿಂತಿತು. “ಹಂಗಲ್ರಿ… ಮನ್ಯಾಗ ಯಾರೂ ಆಕಿ ಹೆಸರ ತಗೊಳ್ಳಂಗಿಲ್ಲ. ಇವರ ಮುಂದ ತಗದ್ರ ಎದ್ದು ಹೊರಗ ಹೋಗ್ತಾರ. ಅಲ್ಲಿಗಿ ಬಂದ್ರ ನಾ ತಗೋತೀನಿ, ಅದಕ್ಕ ಕೇಳಿದೆ.”

ಇದ್ದರೆ ತಿಳಿಸುತ್ತೇನೆ ಎಂದೆ. ಮರುದಿನ ಬೆಳಿಗ್ಗೆಯೇ ಏಳನೇ ಬ್ಯಾಚು ಇತ್ತು. ಅವರ ಒಳ್ಳೆಯದಕ್ಕೇ ಸುಳ್ಳು ಹೇಳಿದೆ ಎಂದುಕೊಂಡೆ. ಅವರು ಇನ್ನೆರಡು ಸಲ ಫೋನ್ ಮಾಡಿದರು. ಆಮೇಲೆ ಮಾಡಲಿಲ್ಲ.

ಒಂದು ವರ್ಷ ಕಳೆದಿರಬೇಕು. ಮಲ್ಕಾಜ್‌ಗಿರಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಅವರ ಗಂಡ ಕಂಡರು. ಅವರೇ ಗುರುತು ಹಿಡಿದು ಹತ್ತಿರ ಬಂದರು. ಅಕ್ಕ ಹೇಗಿದ್ದಾರೆ ಎಂದೆ.

“ಹೋದ್ಳರಿ. ಊರಿಗಿ ಕರಕೊಂಡು ಹೋಗಿದ್ದೆ. ಜ್ವರ ಬಂತು, ಎಂಟು ದಿನ ಅಷ್ಟ.”

ನಾನು ಏನೋ ಹೇಳಿರಬೇಕು. ಏನೆಂದು ನೆನಪಿಲ್ಲ. ಅವರು ಹಳಿಗಳ ಕಡೆ ನೋಡುತ್ತ, “ನಿಮ್ಮ ಕ್ಲಾಸಿಗಿ ಬಂದ ದಿನ ಮನಿಗಿ ಬಂದು ಹೊಟ್ಟಿತುಂಬ ಉಣ್ತಿದ್ಳರಿ. ಉಳಿದ ದಿನ ಒಂದು ರೊಟ್ಟಿ ಉಂಡ್ರ ಭಾಳ ಆಯ್ತು,” ಎಂದರು. ದೂರುವ ದನಿಯೇನೂ ಇರಲಿಲ್ಲ. ರೈಲು ಬಂತು. ಹೋಗಿಬರುತ್ತೇನೆ ಎಂದು ನಾನು ಹತ್ತಿ, ಸೀಟು ಹುಡುಕಿ ಕುಳಿತೆ.

ತರಬೇತಿಗಳನ್ನು ಈಗಲೂ ನಡೆಸುತ್ತೇನೆ. ಅನುಭವಿಸಿದವರನ್ನು ಕರೆಸುವುದಿಲ್ಲ. ಮೊನ್ನೆಯ ಬ್ಯಾಚಿನಲ್ಲಿ ಹಿಂದಿನ ಸಾಲಿನ ಒಬ್ಬಾಕೆ ಎದ್ದು ನಿಂತು ಕೇಳಿದಳು. “ಹೇಳಿದರೂ ನೋವು, ಹೇಳದಿದ್ದರೂ ನೋವು ಅನ್ನೋರು ಇರ್ತಾರಲ್ಲ ಮೇಡಂ, ಅವರಿಗೇನು ಮಾಡಬೇಕು?”

“ನೀವೇ ತೀರ್ಮಾನ ಮಾಡಬೇಡಿ, ಅವರನ್ನೇ ಕೇಳಿ,” ಎಂದೆ. “ಅವರ ಮನೆಗೆ ಹೋಗಿ. ಸುಮ್ಮನೆ ಕೂತುಕೊಳ್ಳಿ. ಹೆಸರು ಹೇಳಬೇಕು ಅನ್ನಿಸಿದರೆ ಹೇಳುತ್ತಾರೆ.”

ಎಲ್ಲರೂ ತಲೆ ಬಗ್ಗಿಸಿ ಬರೆದುಕೊಂಡರು. ಅವರು ಬರೆದು ಮುಗಿಸುವವರೆಗೆ ಕಾದೆ.

ಅಕ್ಕನ ಗಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ. ಕ್ಲಾಸು ಯಾವಾಗ ಎಂದು ಅವರು ಫೋನಿನಲ್ಲಿ ಕೇಳಿದ ಮೇಲೆ ನಾನು ಒಂದು ಸಲವೂ ಅಲ್ಲಿಗೆ ಹೋಗಿರಲಿಲ್ಲ.