ಹುಬ್ಬಳ್ಳಿಯ ‘ನೋಡೂಣು’, ಅಂಧೇರಿಯ ‘ದೇಖ್ ಲೇಂಗೇ’

ಮುಂಬೈ ಆಫೀಸಿನಲ್ಲಿ ಅದು ನನ್ನ ಮೊದಲ ಬೆಳಿಗ್ಗೆ. ಅಂಧೇರಿಯ ಗಾಜಿನ ಕಟ್ಟಡವೊಂದರ ಮೇಲಂತಸ್ತಿನಲ್ಲಿ ನಮ್ಮ ತಂಡದವರೆಲ್ಲ ಒಂದು ಬೋರ್ಡಿನ ಸುತ್ತ ನಿಂತಿದ್ದರು. ವಿಭಾಗದ ಮುಖ್ಯಸ್ಥೆ ಮೀನಲ್ ಕಾಫಿ ಲೋಟ ಹಿಡಿದು ಹಿಂದೆ ನಿಂತಿದ್ದರು. ಅವರೆದುರಿಗೇ ಸ್ನೇಹಾ ಎಂಬ ಹುಡುಗಿ, “ಕಲ್ ಸೇ ಅಟಕೀ ಹೂಂ. ಮುಝಸೇ ನಹೀ ಹೋ ರಹಾ” ಅಂದುಬಿಟ್ಟಳು. ನಿನ್ನೆಯಿಂದ ಸಿಕ್ಕಿಹಾಕಿಕೊಂಡಿದ್ದೇನೆ, ನನ್ನ ಕೈಲಿ ಆಗುತ್ತಿಲ್ಲ ಎಂದು! ಮುಗಿಯಿತು ಈ ಹುಡುಗಿಯ ಕಥೆ ಅಂದುಕೊಂಡು ನಾನು ಮೀನಲ್ ಮುಖ ನೋಡಿದೆ. ಅವರು ಆರಾಮಾಗಿ ಕಾಫಿ ಗುಟುಕರಿಸಿದರು. ಪಕ್ಕದಲ್ಲಿದ್ದ ಇಮ್ರಾನ್, “ಚಲ್, ಸಾಥ್ ಬೈಠತೇ ಹೈಂ” ಅಂದ. ಇಬ್ಬರೂ ಹೋಗಿ ಒಂದೇ ಕಂಪ್ಯೂಟರಿನ ಮುಂದೆ ಕುಳಿತರು. ಅಷ್ಟೇ.

ಅಯ್ಯೋ ದೇವರೇ, ಹೀಗೂ ಉಂಟೇ! ಹುಬ್ಬಳ್ಳಿಯ ನನ್ನ ಹಳೆಯ ಆಫೀಸಿನಲ್ಲಿ ಸಾಹೇಬರು “ಕೆಲಸ ಹೆಂಗ ನಡದೈತಿ?” ಎಂದು ಕೇಳಿದರೆ, ಪ್ರೋಗ್ರಾಮು ಪೂರ್ತಿ ಮಕಾಡೆ ಮಲಗಿದ್ದರೂ “ಚೊಲೋ ನಡದೈತ್ರಿ” ಅನ್ನುವುದೇ ರೂಢಿ. ಆಮೇಲೆ ಒಬ್ಬರೇ ಕೂತು ಒದ್ದಾಡುವುದು. ನಮಗೆ ಮಾನ ಮುಖ್ಯ. ಇಲ್ಲಿ ಕೆಲಸ ಮುಖ್ಯವೋ, ಮಾನದ ಅರ್ಥವೇ ಬೇರೆಯೋ, ಮೊದಲ ವಾರವೆಲ್ಲ ನನಗೆ ತಿಳಿಯಲಿಲ್ಲ.

ನಾನು ಇಲ್ಲಿಗೆ ಬಂದದ್ದು ಈ ತಂಡವನ್ನು ನಡೆಸಲು. ಅದೂ ಪರೀಕ್ಷೆಯ ಮೇಲೆ. ಮೂರು ತಿಂಗಳು ನೋಡುತ್ತೇವೆ, ಹೊಂದಿಕೊಂಡರೆ ಕಾಯಂ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ವಾಪಸ್. ಮೀನಲ್ ಇದನ್ನು ನಗುತ್ತಲೇ ಹೇಳಿದ್ದರು, ಆದರೆ ತಮಾಷೆಗಲ್ಲ. ಮದುವೆ ಬೇಡ ಎಂದು ಗಟ್ಟಿಯಾಗಿ ಕೂತಿದ್ದ ನನಗೆ ಈ ಕೆಲಸವೊಂದೇ ನನ್ನದು ಅನ್ನುವಂಥದ್ದಾಗಿತ್ತು. ಅದು ಕೈತಪ್ಪಿದರೆ ಊರಿನಲ್ಲಿ ಯಾರಿಗೆ ಮುಖ ತೋರಿಸಲಿ?

ಚೆಂಬೂರಿನಲ್ಲಿ ಸುಮತಿ ಅಕ್ಕನ ಮನೆಯ ಒಂದು ಖೋಲಿ ಸಿಕ್ಕಿತು. ಅವರು ಉಡುಪಿ ಕಡೆಯವರು. ಗಂಡನಿಗೆ ಸಾಂತಾಕ್ರೂಜ್‌ನಲ್ಲಿ ಹೋಟೆಲು. ನಾನು ಹೋದ ದಿನವೇ ಕುಚ್ಚಲಕ್ಕಿ ಅನ್ನ ಬಡಿಸಿ, “ಊಟ ಮಾಡು ಮಾರಾಯ್ತಿ, ನಾಚಿಕೆ ಎಂತದು” ಅಂದರು. ಅಕ್ಕಿ ಕಾಳು ದಪ್ಪಕ್ಕೆ, ಪಲ್ಯದಲ್ಲಿ ಪಲ್ಯಕ್ಕಿಂತ ತೆಂಗಿನಕಾಯಿ ಜಾಸ್ತಿ. ನಾನು ಜೋಳದ ರೊಟ್ಟಿಯವಳು! ರೊಟ್ಟಿಯ ಆಸೆಗೆ ಬೀದಿ ಬೀದಿ ತಿರುಗಿ, ಸ್ಟೇಷನ್ ಹತ್ತಿರ ಭಾಕರಿ ಮಾರುವ ಅಂಗಡಿ ಹುಡುಕಿದೆ. ಭಾಕರಿಯೆಂದರೆ ನಮ್ಮ ರೊಟ್ಟಿಯೇ, ಸ್ವಲ್ಪ ದಪ್ಪ. ಅವತ್ತು ಅದನ್ನು ಕಾಗದದಲ್ಲಿ ಸುತ್ತಿಸಿಕೊಂಡು ಮನೆಗೆ ತಂದಾಗ ಕಳೆದುಹೋದ ತಂಗಿ ಸಿಕ್ಕಷ್ಟು ಖುಷಿಯಾಗಿತ್ತು. ಆದರೂ ಭಾನುವಾರಗಳು ಮಾತ್ರ ಕಷ್ಟ. ಸುಮತಿ ಅಕ್ಕನ ಮಗಳಿಗೆ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಬರುತ್ತಿತ್ತು. ಮನಸ್ಸು ಬಿಚ್ಚಿ ಮಾತಾಡಲು ಯಾರೂ ಇಲ್ಲದೆ ಗೋಡೆ ನೋಡುತ್ತ ಕೂತು ಅತ್ತದ್ದೂ ಉಂಟು.

ಲೋಕಲ್ ರೈಲಿನಲ್ಲಿ ಹೆಂಗಸರು ಹತ್ತಿದ ಕೂಡಲೇ ಕೂತವರನ್ನು ಕೇಳುವುದು ಒಂದೇ ಮಾತು: “ಕಿಧರ್ ಉತರನಾ ಹೈ?” ಎಲ್ಲಿ ಇಳಿಯುತ್ತೀರಿ? ಕೂತವಳು ಕುರ್ಲಾ ಅಂದರೆ ಸಾಕು, ಕುರ್ಲಾದಿಂದ ಆ ಸೀಟು ಕೇಳಿದವಳದ್ದು. ಅದಕ್ಕೆ ಜಗಳವಿಲ್ಲ, ಮುಲಾಜಿಲ್ಲ. ನಮ್ಮಲ್ಲಾದರೆ ಯಾವೂರು, ಯಾರ ಪೈಕಿ, ಮಕ್ಕಳೆಷ್ಟು ಎಂದು ವಿಚಾರಿಸುವಷ್ಟರಲ್ಲಿ ನಮ್ಮ ಸ್ಟೇಷನ್ನೇ ದಾಟಿಹೋಗಿರುತ್ತದೆ. ಮೊದಮೊದಲು ಎಂಥ ಒರಟು ಜನ ಅಂದುಕೊಂಡಿದ್ದೆ. ದಿನಾ ನಿಂತು ನಿಂತು ಕಾಲು ಬಾತಮೇಲೆ ನಾನೂ ಕೇಳಲು ಶುರುಮಾಡಿದೆ.

ಆಫೀಸಿನಲ್ಲಿ ಬೆಳಿಗ್ಗೆಯ ಆ ನಿಂತ ಸಭೆಗೆ ಸ್ಟ್ಯಾಂಡಪ್ ಅನ್ನುತ್ತಾರೆ. ಕೂತರೆ ಮಾತು ಬೆಳೆಯುತ್ತದೆಂದು ಯಾರೂ ಕೂರುವುದಿಲ್ಲ. ಬೋರ್ಡಿನ ಮೇಲೆ ಮಾಡಬೇಕಾದ್ದು, ಮಾಡುತ್ತಿರುವುದು, ಮುಗಿದದ್ದು ಎಂದು ಮೂರು ಸಾಲು, ಕೆಲಸಕ್ಕೊಂದು ಬಣ್ಣದ ಚೀಟಿ. ಒಬ್ಬರ ಹೆಸರಲ್ಲಿ ‘ಮಾಡುತ್ತಿರುವುದು’ ಒಂದೇ ಇರಬೇಕು, ಅದು ಮುಗಿಯದೆ ಇನ್ನೊಂದಕ್ಕೆ ಕೈ ಹಾಕುವಂತಿಲ್ಲ. ನಾನು ಕೈಗೆ ಬಂದದ್ದನ್ನೆಲ್ಲ ಒಟ್ಟಿಗೇ ಶುರುಮಾಡಿ ಬೆವರು ಸುರಿಸುವವಳು. ಅದನ್ನೇ ಚುರುಕುತನ ಎಂದು ಹೆಮ್ಮೆಪಟ್ಟವಳು! ಒಂದು ದಿನ ಮೆಲ್ಲಗೆ ನನ್ನ ಹೆಸರಿನ ಚೀಟಿಗಳ ಸಾಲನ್ನೇ ಅಂಟಿಸಿದೆ. ಇಮ್ರಾನ್ ನನಗಿಂತ ಎಷ್ಟೋ ಚಿಕ್ಕವನು, “ವಿದ್ಯಾ, ಏಕ್ ರಖ್. ಬಾಕೀ ವಾಪಸ್” ಅಂದ. ಒಂದು ಇಟ್ಟುಕೋ, ಉಳಿದದ್ದು ವಾಪಸ್! ಊರಲ್ಲಿ ಅವನ ವಯಸ್ಸಿನವರು ನನಗೆ ಅಕ್ಕಾರ ಅನ್ನುತ್ತಾರೆ. ಸಿಟ್ಟು ನೆತ್ತಿಗೇರಿತು. ಆದರೆ ಆ ವಾರ ನನ್ನ ಕೆಲಸ ಒಂದೊಂದಾಗಿ ಮುಗಿಯುತ್ತ ಹೋದಾಗ ನನಗೇ ನಂಬಲಾಗಲಿಲ್ಲ.

ಎಡವಟ್ಟಾದದ್ದು ದೇಸಾಯಿ ಮೇಡಂ ವಿಷಯದಲ್ಲಿ. ರಕ್ತ ಪರೀಕ್ಷೆ ಮಾಡುವ ಲ್ಯಾಬುಗಳ ಮ್ಯಾನೇಜರು ಅವರು. ರೋಗಿಗಳ ಮೊಬೈಲಿಗೆ ರಿಪೋರ್ಟು ಕಳಿಸುವ ಅವರ ಆ್ಯಪನ್ನು ನಮ್ಮ ತಂಡವೇ ಮಾಡುತ್ತಿತ್ತು. ಒಂದು ಸಭೆಯ ಕೊನೆಗೆ ಎದ್ದು ಹೊರಡುತ್ತ ಅವರು, ಈ ಸಲದಿಂದ ರಿಪೋರ್ಟು ಮರಾಠಿಯಲ್ಲೂ ಬರುತ್ತದಲ್ಲ, ಎಂದು ಕೇಳಿದರು. ಅಷ್ಟು ಬೇಗ ಆಗುವ ಮಾತೇ ಅಲ್ಲ. ಹಿರಿಯರು, ಮುಖದ ಮೇಲೆ ಹೊಡೆದಂತೆ ಇಲ್ಲ ಅನ್ನುವುದು ಹೇಗೆ? ನಮ್ಮ ಕಡೆ ಇಂಥ ಹೊತ್ತಿಗೆಂದೇ ಒಂದು ಮಾತಿದೆಯಲ್ಲ, “ನೋಡೂಣ್ರಿ” ಎಂದು. ನೋಡೂಣು ಅಂದರೆ ಆಗುವುದಿಲ್ಲ ಎಂದು ಹುಬ್ಬಳ್ಳಿಯ ಕೂಸಿಗೂ ಗೊತ್ತು. ಅದನ್ನೇ ಹಿಂದಿ ಮಾಡಿ, “ದೇಖ್ ಲೇಂಗೇ ಮೇಡಂ” ಅಂದೆ. ಅವರು ನನ್ನ ಕೈ ಹಿಡಿದು ಕುಲುಕಿದರು. ಎಷ್ಟು ಚೆನ್ನಾಗಿ ಅರ್ಥಮಾಡಿಕೊಂಡರು ಎಂದು ನಾನು ಬೀಗಿದೆ.

ಆ್ಯಪಿನ ಹೊಸ ಆವೃತ್ತಿಯ ಬಿಡುಗಡೆಗೆ ಒಂದು ವಾರ ಇರುವಾಗ ಅವರ ಮೆಸೇಜು ಬಂತು. ಎಲ್ಲಾ ಲ್ಯಾಬುಗಳಲ್ಲೂ ಬೋರ್ಡು ಹಾಕಿಸಿದ್ದಾರಂತೆ, ಇನ್ನು ಮುಂದೆ ನಿಮ್ಮ ರಿಪೋರ್ಟು ಮರಾಠಿಯಲ್ಲಿ! ಮನೆಗೆ ಬಂದು ಸುಮತಿ ಅಕ್ಕನ ಹತ್ತಿರ ಹೇಳಿಕೊಂಡರೆ, ಅವರು ಸೌಟು ಕೆಳಗಿಟ್ಟು ನಗಲು ಶುರುಮಾಡಿದರು.

“ನೀನು ದೇಖ್ ಲೇಂಗೇ ಅಂತ ಯಾಕೆ ಹೇಳಿದ್ದು? ಇಲ್ಲಿ ಹಾಗೆ ಹೇಳಿದ್ರೆ ನೀವು ಚಿಂತೆ ಬಿಡಿ, ನಾನು ಮಾಡ್ತೇನೆ ಅಂತ ಲೆಕ್ಕ. ನೀನು ಪ್ರಾಮಿಸ್ ಕೊಟ್ಟು ಬಂದಿದ್ದಿ ಮಾರಾಯ್ತಿ!”

ಮರುದಿನ ಸ್ಟ್ಯಾಂಡಪ್‌ನಲ್ಲಿ ನನ್ನ ಸರದಿ ಬಂತು. ಮೀನಲ್ ಕೂಡ ಇದ್ದರು. “ಚೊಲೋ ನಡದೈತಿ” ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಂದುಬಿಟ್ಟರೆ ಇವತ್ತಿನ ಮಟ್ಟಿಗಾದರೂ ಬಚಾವು. ಸ್ನೇಹಾ ನನ್ನನ್ನೇ ನೋಡುತ್ತಿದ್ದಳು. ಅಂದೇ ಬಿಟ್ಟೆ, “ಮೈಂ ಅಟಕ್ ಗಯೀ.” ಎಲ್ಲವನ್ನೂ ಹೇಳಿದೆ, ‘ನೋಡೂಣು’ ಎಂಬುದರ ಅರ್ಥವನ್ನೂ ಬಿಡಿಸಿ ಹೇಳಿದೆ.

ಇಮ್ರಾನ್, “ಮತಲಬ್ ದೇಖೇಂಗೇ ಬೋಲ್ ಕೇ ದೇಖತೇ ಹೀ ನಹೀ?” ಅಂದ. ನೋಡುತ್ತೇವೆ ಅಂದು ನೋಡುವುದೇ ಇಲ್ಲವಾ! ತಂಡವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬಂತು. ನಗು ನಿಲ್ಲುವ ಮೊದಲೇ ಸ್ನೇಹಾ ಬೋರ್ಡಿನ ಮುಂದಿದ್ದಳು. ಎಲ್ಲಾ ರಿಪೋರ್ಟು ಆಗುವುದಿಲ್ಲ, ಸಕ್ಕರೆ ಕಾಯಿಲೆಯದ್ದೊಂದು ಆದೀತು, ನನ್ನ ಆಯೀ ನೋಡುವುದೇ ಅದೊಂದನ್ನು ಅಂದಳು. ಆಯೀ ಅಂದರೆ ಮರಾಠಿಯಲ್ಲಿ ಅಮ್ಮ. ತಪ್ಪು ಯಾರದು ಎಂದು ಯಾರೂ ಕೇಳಲಿಲ್ಲ. ನನ್ನ ಎಡವಟ್ಟು ಆಗಲೇ ಒಂದು ಚೀಟಿಯಾಗಿ ಬೋರ್ಡಿಗೆ ಅಂಟಿತ್ತು. ಅಬ್ಬಾ, ಎಂಥ ಜನ ಇವರು!

ಮೀನಲ್ ಒಂದೇ ಮಾತು ಹೇಳಿದರು, “ದೇಸಾಯಿ ಮೇಡಂಗೆ ನೀನೇ ಹೋಗಿ ಹೇಳು. ಅದು ತಂಡದ ಕೆಲಸ ಅಲ್ಲ, ತಂಡ ನಡೆಸುವವಳ ಕೆಲಸ.”

ದಾರಿಯುದ್ದಕ್ಕೂ ನಾಜೂಕಾದ ಮಾತು ಜೋಡಿಸಿಕೊಂಡು ಹೋದೆ. ಅವರೆದುರು ಕೂತ ಕೂಡಲೇ ಎಲ್ಲವೂ ಮರೆತು, “ಮೇಡಂ, ನಹೀ ಹೋಗಾ. ಸಿರ್ಫ್ ಶುಗರ್ ಕಾ ಹೋಗಾ” ಅಂದುಬಿಟ್ಟೆ. ಆಗುವುದಿಲ್ಲ, ಶುಗರ್ ಒಂದೇ ಆಗುತ್ತದೆ ಎಂದು. ಜೀವಮಾನದಲ್ಲಿ ಹಿರಿಯರೊಬ್ಬರಿಗೆ ನಾನು ಹೇಳಿದ ಮೊದಲ ಬರೀ ‘ಇಲ್ಲ’ ಅದು. ಬೈಗುಳಕ್ಕೆ ಕಾದು ಕೂತೆ.

“ಅರೇ ಬಾಬಾ, ಪೆಹಲೇ ಬೋಲನಾ ಥಾ ನಾ!” ಅಂದರು. ಮೊದಲೇ ಹೇಳುವುದಲ್ಲವೇ! ಮುಖ ಗಂಟಿಕ್ಕಿಕೊಂಡೇ ಫೋನು ಎತ್ತಿ, ಬೋರ್ಡಿನಲ್ಲಿ ಶುಗರ್ ಎಂದು ಸೇರಿಸಿ ಎಂದು ಯಾರಿಗೋ ಹೇಳಿ, ನನಗೆ ಚಹಾ ತರಿಸಿದರು. ಇಷ್ಟೇನಾ! ಇಷ್ಟಕ್ಕೇ ನಾವು ಊರಲ್ಲಿ ಜನ್ಮವಿಡೀ ಸುತ್ತಿ ಬಳಸಿ ಮಾತಾಡುತ್ತೇವಾ? ಹೊರಗೆ ಬಂದರೆ ಮೆಟ್ರೋದ ಜನಸಾಗರ. ಆ ನೂಕುನುಗ್ಗಲಿನಲ್ಲಿ ನಿಂತು ಈ ಊರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಶುಗರ್ ರಿಪೋರ್ಟು ಮರಾಠಿಯಲ್ಲಿ ಹೊರಬಂತು. ಮೂರು ತಿಂಗಳು ಮುಗಿದಾಗ ನನ್ನ ಕೆಲಸವೂ ಕಾಯಂ ಆಯಿತು.

ಮೊನ್ನೆ ರಜೆಗೆ ಹುಬ್ಬಳ್ಳಿಗೆ ಹೋಗಿದ್ದೆ. ನನ್ನನ್ನು ಬೆಳೆಸಿದ ಅಕ್ಕ ಅಲ್ಲಿದ್ದಾಳೆ. ಹೋದ ದಿನವೇ ಈ ಕಥೆಯನ್ನೆಲ್ಲ ಹೇಳಿ ಅವಳನ್ನು ಬಿದ್ದು ಬಿದ್ದು ನಗಿಸಿದ್ದೆ. ಹೊರಡುವ ದಿನ ಬುತ್ತಿಗೆ ರೊಟ್ಟಿ ಬಡಿಯುತ್ತ ಅವಳು, “ಇನ್ನೊಂದ ವರ್ಷಕ್ಕ ವಾಪಸ್ ಬಂದಬಿಡ್ತೀಯಿಲ್ಲ? ಮ್ಯಾಲಿನ ಖೋಲಿ ನಿನಗಂತನ ಖಾಲಿ ಇಟ್ಟೇನಿ” ಅಂದಳು.

“ಇಲ್ಲಕ್ಕ. ಬರಂಗಿಲ್ಲ” ಅಂದೆ. ಸಲೀಸಾಗಿ ಬಂತು ಆ ಮಾತು.

ರೊಟ್ಟಿ ಬಡಿಯುವ ಸದ್ದು ನಿಂತಿತು. ಅವಳು ತಲೆ ಎತ್ತದೆ, “ನೀ ಬರಂಗಿಲ್ಲ ಅಂತ ನನಗೇನ ಗೊತ್ತಿಲ್ಲೇನ? ನೋಡೂಣು ಅಂದಿದ್ರ ಏನ ಹೋಗ್ತಿತ್ತ ನಿಂದು?” ಅಂದಳು.

ಹತ್ತಿರ ಹೋಗಿ ಕೂತು, “ಆತಕ್ಕ, ನೋಡೂ...” ಎಂದು ಬಾಯಿ ತೆರೆದೆ.

ಅವಳು ಹಿಟ್ಟಿನ ಕೈಯಿಂದಲೇ ನನ್ನ ಬಾಯಿ ಮುಚ್ಚಿದಳು. “ಬ್ಯಾಡ, ಈಗ ಅನಬ್ಯಾಡ. ನೀ ಮುಂಬೈಯಾಕಿ ಆಗೀದಿ. ನೀ ನೋಡೂಣು ಅಂದ್ರ ನಾ ಖರೇನ ಬರ್ತಾಳಂತ ತಿಳಕೊಂಡ ಕಾಯ್ಕೋತ ಕುಂದರ್ತೇನಿ.”